ಪುಟ ನೂರ ನಲವತ್ತಮೂರರ ಅಕ್ಕಿ

ಡಿಸೆಂಬರ್ 3, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ಉದ್ದಕ್ಕೆ ಜನ ಸಾಲು ನಿಂತಿದ್ದಾರೆ, ಎಲ್ಲರ ಕೈಯಲ್ಲೂ ತೆಂಗಿನ ಕರಟ. ನಾನು ಹಂಡೆಯ ಮುಂದೆ ಸೌಟು ಹಿಡಿದಿದ್ದೇನೆ. ಎಷ್ಟು ಇಳಿಸಿದರೂ ಸೌಟು ಅನ್ನಕ್ಕೆ ತಾಗುವುದಿಲ್ಲ. ಮೊಣಕೈ ಒಳಗೆ ಹೋಯಿತು, ಆಮೇಲೆ ಹೆಗಲು. ಸಾಲಿನಲ್ಲಿ ಮೊದಲು ನಿಂತಿದ್ದವನು ನಮ್ಮಪ್ಪ. ಬೈಯಲಿಲ್ಲ, ಏನೂ ಅನ್ನಲಿಲ್ಲ, ಕರಟ ಚಾಚಿಕೊಂಡೇ ಇದ್ದ.

ಕನಸಿಗೆ ಕಾರಣ ಟೀಚರ ಮನೆಯ ಆ ಪುಸ್ತಕ. ಸತ್ಯಭಾಮಾ ಟೀಚರ್ ಮನೆಯಲ್ಲಿ ಅಡುಗೆಗೆ ನಿಂತು ಆರು ವರ್ಷ ಆಯಿತು. ಮಲವಗೊಪ್ಪದಿಂದ ಬೆಳಿಗ್ಗೆ ಬಸ್ಸು ಹಿಡಿದು ರವೀಂದ್ರನಗರಕ್ಕೆ ಹೋಗುತ್ತೇನೆ. ಇಷ್ಟು ದಿನ ಒಲೆ ಆಯಿತು, ನಾನಾಯಿತು. ಹೋದ ತಿಂಗಳು ಟೀಚರಿಗೆ ಕಣ್ಣಿನ ಪೊರೆ ತೆಗೆದರು. ಇನ್ನೂ ಒಂದು ತಿಂಗಳು ಪುಸ್ತಕ ಹಿಡಿಯುವ ಹಾಗಿಲ್ಲ. ಊಟ ಬಿಡಿ ಅಂದಿದ್ದರೂ ಬಿಡುತ್ತಿದ್ದರೇನೋ, ಪುಸ್ತಕ ಬಿಡಲು ಆಗುವುದಿಲ್ಲ ಅವರಿಗೆ.

"ನೀನೇ ಓದಿ ಹೇಳು ಮಾರಾಯ್ತಿ" ಅಂದರು.

"ಟೀಚರ್, ನಂದು ಏಳನೇ ಕ್ಲಾಸು." ಎಂಟಕ್ಕೆ ಅರ್ಧ ವರ್ಷ ಹೋಗಿದ್ದೆ, ಅದನ್ನು ನಾನು ಹೇಳುವುದಿಲ್ಲ.

"ಏಳನೇ ಕ್ಲಾಸಿನವರಿಗೆ ಕಣ್ಣಿರಲ್ವಾ? ನನಗೀಗ ಅಷ್ಟೇ ಬೇಕಿರೋದು."

ಕಷ್ಟದ ಶಬ್ದ ಬರೆದುಕೋ ಅಂತ ಈ ಹಳೆಯ ಡೈರಿ ಕೊಟ್ಟಿದ್ದಾರೆ. ಎರಡು ಶಬ್ದ ಬರೆದೆ. ಉಳಿದಿದ್ದರಲ್ಲಿ ಹೀಗೆ ಮನಸ್ಸಿಗೆ ಬಂದಿದ್ದು ಬರೆಯುತ್ತಿದ್ದೇನೆ. ಯಾರೂ ಓದಬಾರದು. ತಾರೀಕು ತಾಳೆಯಾಗುವುದಿಲ್ಲ, ಹೊಡೆದು ಮೇಲೆ ಬರೆಯಬೇಕು.

ಇವತ್ತು ಬಸ್‌ಸ್ಟಾಪಿನಿಂದ ಎರಡು ಸಲ ವಾಪಸು ಹೋಗಿ ಗ್ಯಾಸ್ ನೋಡಿದೆ. ಎರಡು ಸಲವೂ ಆಫ್ ಇತ್ತು. "ಅಮ್ಮಾ, ಆ ಗ್ಯಾಸಿಗೇ ಬೇಜಾರಾಗಿರುತ್ತೆ" ಅಂದಳು ಮಗಳು ರಕ್ಷಾ.

ಡಿಸೆಂಬರ್ 5, ಗುರುವಾರ

ಪುಸ್ತಕದ ಹೆಸರು 'ಬೇಲಿಯೊಳಗಿನ ಊರು'. ಬರೆದವರು ಗೋವಿಂದಯ್ಯ ಅನ್ನುವವರು. ಅವರ ದೊಡ್ಡಪ್ಪ ದೊಡ್ಡ ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದು, ಶತ್ರುಗಳ ಕೈಗೆ ಸಿಕ್ಕಿ, ಮಲಯಾದ ಕಾಡಿನಲ್ಲಿ ಸೆರೆ ಶಿಬಿರದಲ್ಲಿ ಮೂರು ವರ್ಷ ಇದ್ದರಂತೆ. ಅವರು ಬಾಯಲ್ಲಿ ಹೇಳಿದ್ದು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದು ಸೇರಿಸಿ ಕಾದಂಬರಿ ಮಾಡಿದ್ದಾರೆ. "ಇದರಲ್ಲಿ ಬರುವವರೆಲ್ಲ ಇದ್ದವರೇ, ಹೆಸರು ಮಾತ್ರ ಬೇರೆ" ಅಂತ ಮುನ್ನುಡಿಯಲ್ಲಿದೆ. ಆ ಸಾಲು ಓದದೆ ಇದ್ದಿದ್ದರೆ ಚೆನ್ನಾಗಿತ್ತು. ಕಥೆ ಅಂದುಕೊಂಡು ಓದಿ ಮುಗಿಸಬಹುದಿತ್ತು.

ಬಿದಿರಿನ ಕೊಟ್ಟಿಗೆಯಲ್ಲಿ ಇನ್ನೂರ ನಲವತ್ತು ಜನ. ಬೆಳಿಗ್ಗೆ ಎದ್ದರೆ ತಲೆ ಎಣಿಕೆ. ಎಣಿಕೆ ತಪ್ಪಿದರೆ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಎಣಿಕೆ. ಹೊತ್ತಿಗೆ ಒಂದು ಕರಟ ಅನ್ನ, ಮೇಲೆ ಉಪ್ಪುನೀರು.

ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತೇನೆ. 'ಶಿಬಿರಾಧಿಕಾರಿ' ಅನ್ನುವುದನ್ನು ಮೂರು ತುಂಡು ಮಾಡಿದೆ. "ತುಂಡು ಮಾಡಿಯೇ ತಿನ್ನಬೇಕು, ಇಡೀ ನುಂಗಿದ್ರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ" ಅಂದರು ಟೀಚರ್. ಅವರು ನಗಲಿಲ್ಲ. ನನಗೇ ಬೆವರು.

ಟೀಚರದ್ದು ಒಂದು ಓದುಗರ ಬಳಗವಿದೆ, ಹನ್ನೆರಡು ಜನ. ತಿಂಗಳಿಗೊಂದು ಪುಸ್ತಕ ಓದಿ ಭಾನುವಾರ ಸೇರಿ ಮಾತಾಡುತ್ತಾರೆ. ಈ ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆಯಂತೆ. ಕೊನೆಯಲ್ಲಿ ಓದುಗರ ಪತ್ರಗಳನ್ನು ಹಾಕುತ್ತಾರಂತೆ. ಸಂಕ್ರಾಂತಿಯೊಳಗೆ ಎಲ್ಲರೂ ಬರೆದು ಕೊಡಬೇಕು, ಟೀಚರ್ ಒಟ್ಟು ಮಾಡಿ ಕಳಿಸಬೇಕು.

ಡಿಸೆಂಬರ್ 10, ಮಂಗಳವಾರ

ಒಂಬತ್ತನೇ ಅಧ್ಯಾಯ ಓದಿದೆ.

ಕೈದಿಗಳಿಗೆ ಅಡುಗೆ ಮಾಡುವವನು ಅವರಲ್ಲೇ ಒಬ್ಬ, ಸೂರಪ್ಪ ಅಂತ. ಯುದ್ಧಕ್ಕೆ ಮುಂಚೆ ಟೈಲರ್ ಆಗಿದ್ದವನು, ಅಡುಗೆ ಗೊತ್ತಿರಲಿಲ್ಲ, ನೀನೇ ಮಾಡು ಅಂತ ಶತ್ರುಗಳು ನಿಲ್ಲಿಸಿದರು. ಉಗ್ರಾಣದವನು ದಿನಾ ಡಬ್ಬದಲ್ಲಿ ಅಳೆದು ಅಕ್ಕಿ ಕೊಡುತ್ತಾನೆ, ಸೂರಪ್ಪ ಬೇಯಿಸುತ್ತಾನೆ. ಒಂದು ದಿನ ಸಾಲಿನ ಕೊನೆಯ ಮೂವತ್ತು ಜನಕ್ಕೆ ಅರ್ಧ ಕರಟವೇ ಸಿಕ್ಕಿತು. ಮಾರನೆಯ ದಿನವೂ ಹಾಗೇ. ಡಬ್ಬ ಅಷ್ಟೇ, ಜನ ಅಷ್ಟೇ, ಅನ್ನ ಮಾತ್ರ ಕಡಿಮೆ. ಹಾಗಾದರೆ ಕದ್ದವನು ಯಾರು? ಕೊಟ್ಟಿಗೆಯಲ್ಲಿ ಪಂಚಾಯ್ತಿ ಕೂರಿಸಿದರು. ಸೂರಪ್ಪನಿಗೆ ಹೇಳಲು ಏನೂ ಇರಲಿಲ್ಲ, ಅಳುತ್ತಿದ್ದ ಅಷ್ಟೆ. ಸೌಟು ಕಿತ್ತುಕೊಂಡರು. ಯಾರೂ ಅವನ ಹತ್ತಿರ ಮಾತಾಡಬಾರದು, ಕೊಟ್ಟಿಗೆಯಲ್ಲಿ ಜಾಗ ಕೊಡಬಾರದು ಅಂತ ತೀರ್ಮಾನವಾಯಿತು. ಮಳೆಯಲ್ಲಿ ಬೇಲಿಯ ಹತ್ತಿರ ಮಲಗಿ ಜ್ವರ ಬಂದು ಸತ್ತ. ಎತ್ತುವುದಕ್ಕೂ ಯಾರೂ ಹೋಗಲಿಲ್ಲ.

ಅಲ್ಲಿಗೆ ನನ್ನ ಧ್ವನಿ ನಿಂತಿತು.

"ಗಂಟಲು ಕಟ್ತಾ? ಬಿಸಿನೀರು ಕುಡಿ" ಅಂದರು ಟೀಚರ್.

ಹೂಂ ಅಂದೆ.

ಡಿಸೆಂಬರ್ 11, ಬುಧವಾರ

ಓದಲಿಲ್ಲ. ಗಂಟಲು ನೋವು ಅಂತ ಸುಳ್ಳು ಹೇಳಿದೆ.

ಡಿಸೆಂಬರ್ 16, ಸೋಮವಾರ

ಪುಸ್ತಕ ಮುಗಿಯಿತು. ಈಗ ಪತ್ರಗಳು ಬರುತ್ತಿವೆ. ಅವನ್ನೂ ನಾನೇ ಓದಿ ಹೇಳಬೇಕು. ಒಂದು ಇನ್‌ಲ್ಯಾಂಡ್ ಲೆಟರು, ಎರಡು ಕಾರ್ಡು, ಉಳಿದವು ಟೀಚರ ಫೋನಿಗೆ ಬಂದವು.

ರಿಟೈರಾದ ಬ್ಯಾಂಕ್ ಮ್ಯಾನೇಜರ್ ಗಣಪಯ್ಯನವರು ಎರಡು ಪುಟ ಬರೆದಿದ್ದಾರೆ: "ಶತ್ರು ಬೇಲಿಯ ಹೊರಗಿದ್ದರೆ ಕಾಣುತ್ತಾನೆ. ಸೌಟು ಹಿಡಿದು ಒಳಗೇ ಇದ್ದರೆ ಏನು ಮಾಡೋಣ?" ನವುಲೆ ಕೃಷಿ ಕಾಲೇಜಿನಲ್ಲಿ ಓದುವ ಮೇಧಾ ಅನ್ನುವ ಹುಡುಗಿ: "ಸೂರಪ್ಪನ ಸಾವಿಗೆ ನನಗೆ ಅಳು ಬರಲಿಲ್ಲ, ಅದಕ್ಕೆ ನನ್ನ ಮೇಲೆ ನನಗೆ ಬೇಸರವೂ ಆಗಲಿಲ್ಲ." ಕಾರ್ಡಿನಲ್ಲಿ ಒಬ್ಬರು ಬರೀ ಒಂದೇ ಸಾಲು: "ಅನ್ನ ಕದ್ದವನಿಗೆ ತಕ್ಕ ಶಾಸ್ತಿ." ಇದುವರೆಗೆ ಬಂದ ಒಂಬತ್ತರಲ್ಲಿ ಎಂಟು ಪತ್ರಗಳಲ್ಲಿ ಸೂರಪ್ಪನಿಗೆ ಬೈಗುಳ. ಒಂಬತ್ತನೆಯದು ಬರೀ ಮುಖಪುಟದ ಬಣ್ಣದ ಬಗ್ಗೆ.

ಟೀಚರೂ ತಮ್ಮದನ್ನು ಹೇಳಿ ಬರೆಸಿದರು. ಒಳ್ಳೆಯ ಕನ್ನಡ. "ಹಸಿದವರ ನಡುವೆ ಹಸಿದವನೇ ಕಳ್ಳನಾಗುವುದು ಶಿಬಿರದ ಅತಿ ದೊಡ್ಡ ಸೋಲು" ಅಂತ. ನನ್ನ ಕೈಯಲ್ಲೇ ಬರೆದೆ. ಬರೆಯುವಾಗ ಅಕ್ಷರ ವಾಲಿತು.

"ನಿನಗೇನನ್ನಿಸ್ತು ಪುಷ್ಪಾ? ನೀನೂ ಓದಿದ್ದೀಯಲ್ಲ, ನೀನೂ ಒಂದು ಬರಿ."

"ನಾನೇನು ಬರೀಲಿ ಟೀಚರ್, ಅನ್ನಕ್ಕಿಡ್ತೀನಿ" ಅಂತ ಎದ್ದು ಬಂದೆ.

ಡಿಸೆಂಬರ್ 18, ಬುಧವಾರ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ರಕ್ಷಾ ನರ್ಸಿಂಗ್ ಹಾಸ್ಟೆಲಿಗೆ ಹೋಗಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲ. ಆದರೂ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಮ್ಮಪ್ಪ ಪುಟ್ಟಯ್ಯ ಭದ್ರಾವತಿಯಲ್ಲಿ ಅಡುಗೆಯವನಾಗಿದ್ದ. ಕಾರ್ಖಾನೆಗೆ ಹೋಗುವವರಿಗೆ ಒಬ್ಬರು ನಡೆಸುತ್ತಿದ್ದ ಮೆಸ್ಸು, ಈಗ ಇಲ್ಲ. ಎಂಬತ್ತು ಜನಕ್ಕೆ ಅಪ್ಪ ಒಬ್ಬನೇ ಬೇಯಿಸುತ್ತಿದ್ದ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮೆಸ್ಸಿನಲ್ಲಿ ಅನ್ನ ಸಾಲದೆ ಬರತೊಡಗಿತು. ಪುಟ್ಟಯ್ಯ ಅಕ್ಕಿ ಮನೆಗೆ ಸಾಗಿಸುತ್ತಾನೆ ಅಂತ ಗುಸುಗುಸು ಶುರುವಾಯಿತು. ನಾನು ನಂಬಲಿಲ್ಲ. ಆಮೇಲೆ ಒಂದು ದಿನ ಬೆಕ್ಕಿನ ಮರಿ ಹುಡುಕಲು ಅಟ್ಟ ಹತ್ತಿದೆ. ಅಲ್ಲಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ ಇತ್ತು.

ಅದನ್ನು ನಾನು ಹೇಮಶ್ರೀಗೆ ಹೇಳಿದೆ. ನನ್ನ ಬೆಂಚಿನವಳು, ಮೆಸ್ ಗುಮಾಸ್ತರ ಮಗಳು. ಯಾಕೆ ಹೇಳಿದೆನೋ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಎರಡು ದಿನಕ್ಕೆ ಮೆಸ್ ಯಜಮಾನರು ನಾಲ್ಕು ಜನರನ್ನು ಕರೆದುಕೊಂಡು ಮನೆಗೆ ಬಂದರು, ನೇರ ಅಟ್ಟ ಹತ್ತಿದರು.

ಅಪ್ಪನ ಕೆಲಸ ಹೋಯಿತು. ಹೆಸರು 'ಅರ್ಧಸೌಟು ಪುಟ್ಟಯ್ಯ' ಆಯಿತು. ಶಾಲೆಯಲ್ಲಿ ನಾನು ಅರ್ಧಸೌಟಿನ ಮಗಳು. ಒಂದು ವಾರ ಹೋದೆ, ಆಮೇಲೆ ಹೋಗಲಿಲ್ಲ. ಅಪ್ಪ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡಿದ, ಇನ್ನೆಂದೂ ಹೊರಗೆ ಸೌಟು ಹಿಡಿಯಲಿಲ್ಲ. ಹನ್ನೆರಡು ವರ್ಷದ ಹಿಂದೆ ತೀರಿಕೊಂಡ. ಯಾರು ಹೇಳಿದ್ದು ಅಂತ ಒಂದು ದಿನವೂ ಕೇಳಲಿಲ್ಲ. ಗೊತ್ತಿದ್ದೂ ಕೇಳಲಿಲ್ಲವೋ, ಗೊತ್ತೇ ಇರಲಿಲ್ಲವೋ.

ಕದ್ದಿದ್ದ ಅಂತಲೇ ಇಷ್ಟು ವರ್ಷ ತಿಳಿದಿದ್ದೇನೆ. ಹೋಗಲಿ, ನಮಗೋಸ್ಕರ ಕದ್ದ ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಮಗಳೇ ಹಿಡಿದುಕೊಟ್ಟಳು ಅನ್ನುವುದಕ್ಕೆ ಮಾತ್ರ ಸಮಾಧಾನ ಸಿಕ್ಕಿಲ್ಲ.

ಬಾಗಿಲು ಸರಿಯಾಗಿ ಹಾಕಿದೆನಾ ನೋಡಿ ಬಂದೆ. ಹಾಕಿದೆ.

ಡಿಸೆಂಬರ್ 22, ಭಾನುವಾರ

ಇವತ್ತು ಬಳಗದವರಿಗೆ ಟೀಚರ ಮನೆಯಲ್ಲಿ ಊಟ. ಮರ್ಯಾದೆ ಹೋಯಿತು.

ಹನ್ನೆರಡು ಜನಕ್ಕೆ ನಾಲ್ಕು ಪಾವು ಅಕ್ಕಿ, ಜೊತೆಗೆ ಚಪಾತಿ. ಆರು ವರ್ಷದಿಂದ ಇದೇ ಅಳತೆ, ಒಂದು ಹಿಡಿ ಮಿಕ್ಕಿ ನಾಳೆಗೆ ಚಿತ್ರಾನ್ನವಾಗುತ್ತದೆ. ಹಾಲ್‌ನಲ್ಲಿ ಅವರೆಲ್ಲ ಸೂರಪ್ಪನ ವಿಷಯ ಎತ್ತಿದ್ದರು. ನಾನು ಆ ಕಡೆ ಕಿವಿ ಕೊಡಬಾರದು ಅಂದುಕೊಳ್ಳುತ್ತಲೇ ಕಿವಿ ಕೊಟ್ಟುಕೊಂಡು ಕೆಲಸ ಮಾಡಿದೆ. ಅಕ್ಕಿ ಅಳೆದಿದ್ದೂ ಗೊತ್ತಿಲ್ಲ, ತೊಳೆದಿದ್ದೂ ಗೊತ್ತಿಲ್ಲ. ಕುಕ್ಕರ್ ಮುಚ್ಚಳ ತೆಗೆದರೆ ಅನ್ನ ಮುದ್ದೆಯಾಗಿ ತಳಕ್ಕೆ ಕೂತಿದೆ. ಎಷ್ಟು ಬಿಡಿಸಿ ಬಡಿಸಿದರೂ ಹತ್ತು ತಟ್ಟೆಗೆ ಮುಗಿಯಿತು. ಕೊನೆಯಲ್ಲಿ ನಿಂತಿದ್ದವರು ಗಣಪಯ್ಯನವರು, ಮೇಧಾ.

ಗಣಪಯ್ಯನವರು ಖಾಲಿ ತಟ್ಟೆ ಎತ್ತಿ ತೋರಿಸಿದರು. "ಏನಮ್ಮಾ ಪುಷ್ಪಮ್ಮ, ಟೈಲರ್ ಸೂರಪ್ಪ ನಮ್ಮ ಅಡುಗೆಮನೆಗೂ ಬಂದ್ನಾ?"

ಎಲ್ಲರೂ ನಕ್ಕರು. ಟೀಚರೂ ನಕ್ಕರು. ಅವರು ಕೆಟ್ಟವರಲ್ಲ, ತಮಾಷೆಗೆ ಅಂದಿದ್ದು. ನಾನು ಒಳಗೆ ಬಂದು ನಲ್ಲಿ ಹಿಡಿದುಕೊಂಡು ನಿಂತೆ. ಆಮೇಲೆ ಇಬ್ಬರಿಗೂ ಶಾವಿಗೆ ಉಪ್ಪಿಟ್ಟು ಮಾಡಿ ಕೊಟ್ಟೆ. "ಸಾಲಿನ ಕೊನೆಯವರಿಗೇ ಲಾಭ" ಅಂತ ಗಣಪಯ್ಯನವರು ಎರಡು ಸಲ ಹಾಕಿಸಿಕೊಂಡರು. ನನಗೆ ಕೇಳಿಸಿದ್ದು ಮೊದಲಿನ ಮಾತೇ.

ಡಿಸೆಂಬರ್ 23, ಸೋಮವಾರ

ಅಕ್ಕಿ ಡಬ್ಬಕ್ಕೆ ಕೈ ಹಾಕಿ ನೋಡಿದೆ. ಮೇಲಿನ ಅಕ್ಕಿ ಬೆಳ್ಳಗೆ, ಬೆರಳಿಗೆ ಅಂಟುವ ಹಾಗಿದೆ. ಮೂಗಿಗೆ ಹಿಡಿದರೆ ಗದ್ದೆಯ ವಾಸನೆ.

"ಟೀಚರ್, ಡಬ್ಬಕ್ಕೆ ಅಕ್ಕಿ ಯಾರು ಹಾಕಿದ್ದು?"

"ಶನಿವಾರ ಸಂಜೆ ನಮ್ಮ ತಮ್ಮ ಗುರುಪ್ರಸಾದ ಬಂದಿದ್ನಲ್ಲ. ಈ ಸಲದ ಭತ್ತ ಮಿಲ್ ಮಾಡಿಸಿ ತಂದು ಅವನೇ ಸುರಿದು ಹೋದ. ಹೇಳೋದು ಮರೆತೆ."

ಹೊಸ ಅಕ್ಕಿ. ಹಳೆಯ ಅಕ್ಕಿ ಬೆಂದರೆ ಮೈ ತುಂಬಿಕೊಂಡು ಅಳತೆಗಿಂತ ಜಾಸ್ತಿ ಒದಗುತ್ತದೆ. ಹೊಸದು ನೀರು ಕುಡಿಯುವುದಿಲ್ಲ, ಒದಗುವುದೂ ಇಲ್ಲ. ಅಡುಗೆಯವಳಾಗಿ ನಾನು ನೋಡದೆ ಅಳೆದಿದ್ದು ನನ್ನ ತಪ್ಪು. ಅಷ್ಟೇ ತಾನೆ ಅಂದುಕೊಂಡು ಹುಳಿಗೆ ಬೇಳೆ ಇಟ್ಟೆ. ಬೇಳೆ ಕುದಿಯುವಾಗ ತಲೆಗೆ ಬಂತು. ಡಬ್ಬ ಅಷ್ಟೇ, ಜನ ಅಷ್ಟೇ, ಅನ್ನ ಮಾತ್ರ ಕಡಿಮೆ.

ಒದ್ದೆ ಕೈ ಒರೆಸಿಕೊಂಡು ಪುಸ್ತಕ ತೆಗೆದೆ. ಎಲ್ಲೋ ಓದಿದ್ದೆ, ಎಲ್ಲಿ ಅಂತ ನೆನಪಿಲ್ಲ. ಹಾಳೆ ತಿರುವುತ್ತಾ ಹೋದೆ. ಪುಟ ನೂರ ನಲವತ್ತಮೂರು: "ಅಂದು ಹೊಸ ಮೂಟೆಗಳು ಬಂದವು. ಒಂದನ್ನು ಬಿಚ್ಚಿದಾಗ ಕೊಯ್ದ ಗದ್ದೆಯ ವಾಸನೆ ಬಂತು. ಊರು ನೆನಪಾಗಿ ಇಬ್ಬರು ಅತ್ತರು." ಸಾಲಿನ ಕೊನೆಯವರಿಗೆ ಅನ್ನ ಸಾಲದ ದಿನ ಬರುವುದು ನೂರ ಐವತ್ತೊಂದನೇ ಪುಟದಲ್ಲಿ. ನಡುವೆ ಎರಡೇ ದಿನ.

ಓದುವಾಗ ಗದ್ದೆಯ ವಾಸನೆ ಅಂತ ಚೆಂದವಾಗಿ ಓದಿಬಿಟ್ಟಿದ್ದೆ. ಟೀಚರ್ ಆಹಾ ಅಂದಿದ್ದರು.

ಬೇಳೆ ಸೀದುಹೋಯಿತು.

ಡಿಸೆಂಬರ್ 25, ಬುಧವಾರ

ಅಂದುಕೊಂಡರೆ ಆಗುವುದಿಲ್ಲ, ಬೇಯಿಸಿ ನೋಡಬೇಕು. ಡಬ್ಬದ ತಳದಲ್ಲಿ ಹಳೆಯ ಅಕ್ಕಿ ಇನ್ನೂ ಇತ್ತು.

"ಟೀಚರ್, ಒಂದೊಂದು ಪಾವು ಅಕ್ಕಿ ಮನೆಗೆ ತಗೊಂಡು ಹೋಗ್ಲಾ?"

"ಮೂಟೇನೇ ತಗೊಂಡು ಹೋಗು ಮಾರಾಯ್ತಿ, ಇದನ್ನೂ ಕೇಳ್ತಾಳೆ."

ಕೇಳಿಯೇ ತೆಗೆದುಕೊಂಡಿದ್ದು. ಆದರೂ ಬಸ್ಸಿನಲ್ಲಿ ಯಾರಾದರೂ ನೋಡುತ್ತಾರೆ ಅಂತ ಸೆರಗಿನ ಕೆಳಗೆ ಇಟ್ಟುಕೊಂಡೆ. ಹಳೆಯದೊಂದು ಗಂಟು, ಹೊಸದೊಂದು ಗಂಟು. ಗುರುತು ತಪ್ಪಬಾರದು ಅಂತ ಹೊಸದಕ್ಕೆ ಕೆಂಪು ದಾರ ಸುತ್ತಿದ್ದೆ. ತುಂಗಾ ಸೇತುವೆ ದಾಟಿದ ಮೇಲೆ ಬಸ್ಸು ನಿಂತಿತು. ತೊಡೆಯ ಮೇಲಿನ ಎರಡು ಗಂಟನ್ನು ನೋಡಿದೆ.

ಅಟ್ಟದ ಮೇಲೆ ಇದ್ದಿದ್ದು ಒಂದು ಗಂಟಲ್ಲ. ಎರಡು. ಇಷ್ಟಿಷ್ಟೇ. ಒಂದಕ್ಕೆ ಏನೋ ಸುತ್ತಿತ್ತು, ದಾರವೋ ಬಳ್ಳಿಯೋ. ಕದಿಯುವವನು ಇಷ್ಟಿಷ್ಟನ್ನು ಬೇರೆ ಬೇರೆ ಯಾಕೆ ಕಟ್ಟುತ್ತಾನೆ?

ಇಳಿಯುವ ಸ್ಟಾಪು ದಾಟಿಹೋಯಿತು. ನಡೆದುಕೊಂಡು ವಾಪಸು ಬಂದೆ.

ಬೇಯಿಸಿ ಕರಟದಲ್ಲಿ ಅಳೆದೆ. ಹಳೆಯದು ಆರು ತುಂಬಿತು. ಹೊಸದು ಐದು, ಅದೂ ತಲೆ ತುಂಬಲಿಲ್ಲ.

ಡಿಸೆಂಬರ್ 29, ಭಾನುವಾರ

ಭದ್ರಾವತಿಗೆ ಹೋಗಿದ್ದೆ. ಎಷ್ಟು ವರ್ಷವಾಯಿತು ಆ ಕಡೆ ಹೋಗಿ.

ಆ ಮೆಸ್ಸಿನಲ್ಲಿ ಉಣ್ಣುತ್ತಿದ್ದವರಲ್ಲಿ ಈಗ ಇರುವವರು ಏಕಾಂತ ಮಾಮ ಒಬ್ಬರು ಅಂತ ಗೊತ್ತಿತ್ತು. ಹೆಸರು ಏಕಾಂತಪ್ಪ, ಆಗ ಎಲ್ಲ ಮಕ್ಕಳಿಗೂ ಮಾಮ. ಜನ್ನಾಪುರದಲ್ಲಿ ಮನೆ. ಎಂಬತ್ತು ದಾಟಿದೆ, ಕಿವಿ ಮಂದ. ಹೆಂಡತಿ ಅವರೆಕಾಳು ಬಿಡಿಸುತ್ತಾ ಕೂತಿದ್ದರು.

"ಯಾರ ಮಗಳು? ಪುಟ್ಟಯ್ಯನ ಮಗಳಾ? ಅರ್ಧಸೌ..." ಅಂದವರು ನಾಲಿಗೆ ಕಚ್ಚಿಕೊಂಡರು. "ಬಾ ಮಗಾ, ಕೂತ್ಕೊ."

ಕೂರಲಿಲ್ಲ. ನಿಂತೇ ಕೇಳಿದೆ. "ಮಾಮ, ಆವತ್ತು ಅಪ್ಪ ಏನಾದ್ರೂ ಹೇಳಿದ್ನಾ? ಅಕ್ಕಿ ಬಗ್ಗೆ?"

ಮಾಮ ಮುಂದಕ್ಕೆ ಬಾಗಿದರು. "ಸಂಕ್ರಾಂತಿ ಕಳೆದಿತ್ತು. ಕೊನೇ ಪಂಕ್ತಿಗೆ ಅನ್ನ ಸಾಲ್ತಿರಲಿಲ್ಲ. ನಾನೂ ಕೊನೇ ಪಂಕ್ತಿಯೋನೇ, ನಾನೂ ಕೂಗಾಡ್ದೆ. ಅಕ್ಕಿ ಹೊಸದು ಕಣ್ರಪ್ಪಾ, ಡಬ್ಬ ಜಾಸ್ತಿ ಹಾಕಿಕೊಡಕ್ಕೆ ಹೇಳಿ ಅಂದ ನಿಮ್ಮಪ್ಪ. ಅಕ್ಕಿ ಅಕ್ಕಿನೇ ಕಣೋ ಅಂದ ಮೆಸ್ ಯಜಮಾನ. ನಾವೆಲ್ಲ ನಕ್ವಿ. ಹೊಟ್ಟೆ ಹಸಿದೋನಿಗೆ ಅಕ್ಕಿ ವಯಸ್ಸು ಹೇಳ್ತಾನಲ್ಲ ಅಂತ."

ಹೆಂಡತಿ ಕಾಳಿನಿಂದ ತಲೆ ಎತ್ತಲಿಲ್ಲ. "ಹೊಸ ಅಕ್ಕಿ ಒದಗಲ್ಲ ಅನ್ನೋದು ಹೆಣ್ಣುಮಕ್ಕಳು ಯಾರಿಗೆ ಬೇಕಾದ್ರೂ ಗೊತ್ತು. ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

"ನಿನ್ನ ಯಾರು ಕೇಳಿದ್ರು?"

"ನಾನೂ ಅದನ್ನೇ ಹೇಳ್ತಿರೋದು."

ಮಾಮ ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಒಲೆ ಹಚ್ಚಿದೋರು ಯಾರಿದ್ರು ಹೇಳು. ಮನೇಲಿ ಇವಳು, ಅಲ್ಲಿ ನಿಮ್ಮಪ್ಪ. ಎರಡು ಗಂಟು ಎತ್ತಿಟ್ಟಿದೀನಿ, ಹಳೇದೊಂದು ಹೊಸದೊಂದು, ಭಾನುವಾರ ಎಲ್ಲರ ಮುಂದೆ ಬೇಯಿಸಿ ತೋರಿಸ್ತೀನಿ ಅಂದಿದ್ದ. ಶನಿವಾರವೇ ಯಜಮಾನ ನಿಮ್ಮನೆಗೆ ಬಂದ. ಅಕ್ಕಿ ಮನೆಗೆ ಹೋಗಿತ್ತು ತಾನೆ, ಅಷ್ಟು ಸಾಕು ಅಂದುಬಿಟ್ಟ."

ಆಗ ಕೂತೆ.

"ಮಾಮ, ಗಂಟಿದೆ ಅಂತ ಹೇಳಿದ್ದು ನಾನು. ಹೇಮಶ್ರೀ ಹತ್ರ. ಗುಮಾಸ್ತರ ಮಗಳು."

"ಯಾವ ಹೇಮಶ್ರೀ?" ಕಿವಿಗೆ ಕೈ ಇಟ್ಟುಕೊಂಡರು. ಮತ್ತೆ ಹೇಳಿದೆ. "ಅಯ್ಯೋ ಹುಚ್ಚಿ, ನೀನು ಹೇಳೋದೇನು ಬಂತು? ಮೆಸ್ ನಡುವೆ ನಿಂತು ನಿಮ್ಮಪ್ಪನೇ ಕೂಗಿ ಹೇಳಿದ್ದ. ನಮ್ಮನೆ ಅಟ್ಟದ ಮೇಲಿದೆ, ಬೇಕಾದ್ರೆ ಬಂದು ನೋಡ್ರಿ ಅಂತ. ಎಂಬತ್ತು ಜನ ಕೇಳಿದ್ವಿ."

ಮಾಮನ ಹೆಂಡತಿ ಬಿಡಿಸಿದ ಕಾಳನ್ನು ಕವರಿನಲ್ಲಿ ಹಾಕಿ ಕೊಟ್ಟರು. ಬರುವಾಗ ಮಾಮ ಬಾಗಿಲ ತನಕ ಬಂದರು. "ಭಾನುವಾರ ತೋರಿಸ್ತೀನಿ ಅಂದಿದ್ನಲ್ಲ, ನೋಡೋಣ ಅಂತ ನಮ್ಮಲ್ಲಿ ಒಬ್ಬರಾದ್ರೂ ಅನ್ನಬಹುದಿತ್ತು" ಅಂದರು.

ಡಿಸೆಂಬರ್ 30, ಸೋಮವಾರ

ಅವರೆಕಾಳಿನ ಹುಳಿ ಮಾಡಿದೆ. ಚೆನ್ನಾಗಿತ್ತು. ಒಂಬತ್ತು ಗಂಟೆಗೇ ನಿದ್ದೆ ಬಂತು.

ಜನವರಿ 3, ಶುಕ್ರವಾರ

ಟೀಚರಿಗೆ ಸೂರಪ್ಪನ ವಿಷಯ ಹೇಳಿದೆ. ಅಪ್ಪನದನ್ನೂ ಹೇಳಿದೆ. ಹೇಳಬೇಕು ಅಂದುಕೊಂಡಿರಲಿಲ್ಲ, ಒಂದರ ಹಿಂದೆ ಒಂದು ಬಂತು. ನೂರ ನಲವತ್ತಮೂರನೇ ಪುಟ ಓದಿದೆ, ಆಮೇಲೆ ನೂರ ಐವತ್ತೊಂದು ಓದಿದೆ.

ಟೀಚರ್ ಕಪ್ಪು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನನಗೆ ಗೊತ್ತಿತ್ತಲ್ಲೇ ಪುಷ್ಪಾ. ಪ್ರತಿ ವರ್ಷ ಹೊಸ ಅಕ್ಕಿ ಬಂದಾಗ ಒಂದು ಹಿಡಿ ಜಾಸ್ತಿ ಹಾಕು ಅಂತ ನಮ್ಮತ್ತೆ ಹೇಳಿಕೊಟ್ಟಿದ್ರು. ಕೈಗೆ ಗೊತ್ತಿದೆ. ಕಾದಂಬರಿ ಕೇಳುವಾಗ ಗೊತ್ತಾಗಲಿಲ್ಲ ನೋಡು."

ಆಮೇಲೆ, "ನನ್ನ ಪತ್ರ ತೆಗಿ. ಆ ಕಳ್ಳ ಅನ್ನೋ ಸಾಲು ಹೊಡೆದು ಹಾಕು" ಅಂದರು. ಹೊಡೆದು ಹಾಕಿದೆ. ಸ್ಕೇಲ್ ಇಟ್ಟು ಹಾಕಿದೆ.

ಅಷ್ಟರಲ್ಲಿ ಗಣಪಯ್ಯನವರು ಬಂದರು. ಅವರಿಗೂ ಟೀಚರ್ ಎಲ್ಲ ಹೇಳಿದರು. ಅಪ್ಪನದು ಬಿಟ್ಟು.

"ಅಲ್ಲ ಟೀಚರ್, ಅವಳು ಹೇಳೋದು ಸರಿ ಅಂತಾದ್ರೆ ನನ್ನ ಎರಡು ಪುಟ ಏನಾಗಬೇಕು?" ಅಂದರು. ಸ್ವಲ್ಪ ಹೊತ್ತು ಮೀಸೆ ತಿರುವಿ, "ಆದರೂ ಆ ಸೂರಪ್ಪ ಬಾಯಿ ಬಿಟ್ಟು ಹೇಳಬೇಕಿತ್ತಪ್ಪ. ಹೊಸ ಅಕ್ಕಿ ಅಂತ ಒಂದು ಮಾತು!"

"ಅವನಿಗೆ ಗೊತ್ತಿರಲಿಲ್ಲ ಸಾರ್" ಅಂದೆ. ಕಾಫಿ ಲೋಟ ಹಿಡಿದು ನಿಂತಿದ್ದೆ. "ಅವನು ಟೈಲರು. ಗೊತ್ತಿದ್ದೋರು ಹೇಳಿದ್ರೂ ನೀವು ನಗ್ತಿದ್ರಿ."

ಅಡುಗೆಮನೆಗೆ ಬಂದ ಮೇಲೆ ಅನ್ನಿಸಿತು, ಜೋರಾಗಿ ಅಂದೆನಾ ಅಂತ. ಕಾಫಿಗೆ ಸಕ್ಕರೆ ಹಾಕಿದ್ದೆನಾ ಅನ್ನುವುದು ಮರೆತಿತ್ತು. ಅವರು ಕುಡಿದರು. ಹೋಗುವಾಗ ತಮ್ಮ ಎರಡು ಪುಟ ವಾಪಸು ತೆಗೆದುಕೊಂಡು ಹೋದರು. ಭಾನುವಾರ ಬೇರೆ ಬರೆದು ಕೊಡುತ್ತಾರಂತೆ.

ಜನವರಿ 10, ಶುಕ್ರವಾರ

ನಾಲ್ಕು ಸಲ ಬರೆದು ಹರಿದೆ. ಐದನೆಯದು ಇವತ್ತು ಕವರಿಗೆ ಹೋಯಿತು. ಟೀಚರ್ ತಿದ್ದಲಿಲ್ಲ. ಎರಡು ಕಡೆ ಒತ್ತಕ್ಷರ ತಪ್ಪಿದೆ, ಇರಲಿ ಅಂದರು. ಪುಸ್ತಕದಲ್ಲಿ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಪೋಸ್ಟ್ ಆಫೀಸಿಗೆ ನಾನೇ ಹೋಗಿ ಹಾಕಿ ಬಂದೆ.

ರಕ್ಷಾ ಹಾಸ್ಟೆಲಿನಿಂದ ಫೋನ್ ಮಾಡಿದಳು. "ಅಮ್ಮಾ, ಈಗ ಬೆಳಿಗ್ಗೆ ಗ್ಯಾಸ್ ಯಾರು ನೋಡ್ತಾರೆ?" ಅಂತ ರೇಗಿಸಿದಳು. ಯಾವ ಗ್ಯಾಸ್ ಅಂದೆ. ನಗುತ್ತಾಳೆ.

ಬರೆದಿದ್ದರ ನಕಲು ಇಲ್ಲಿ ಇಡುತ್ತೇನೆ.

"ಗೋವಿಂದಯ್ಯನವರಿಗೆ ಮಲವಗೊಪ್ಪದಿಂದ ಪುಷ್ಪಮ್ಮ ಮಾಡುವ ನಮಸ್ಕಾರಗಳು.

ನಾನು ಓದಿದವಳಲ್ಲ. ಎಂಟನೇ ಕ್ಲಾಸಿಗೆ ಅರ್ಧ ವರ್ಷ ಹೋಗಿದ್ದೇನೆ. ಅಡುಗೆ ಮಾಡುತ್ತೇನೆ. ನಿಮ್ಮ ಪುಸ್ತಕವನ್ನು ಕಣ್ಣು ಆಪರೇಷನ್ ಆದವರಿಗೆ ಓದಿ ಹೇಳುತ್ತಾ ನಾನೂ ಓದಿದೆ. ಚೆನ್ನಾಗಿದೆ ಅಂತ ಬೇರೆಯವರು ಬರೆದಿದ್ದಾರೆ, ನನಗೂ ಹಾಗೇ ಅನ್ನಿಸಿತು. ತಲೆ ಎಣಿಕೆಯ ಭಾಗ ಓದಿದ ದಿನ ಊಟ ಸೇರಲಿಲ್ಲ.

ಪುಟ 143ರಲ್ಲಿ ಹೊಸ ಮೂಟೆ ಬಿಚ್ಚಿದಾಗ ಗದ್ದೆಯ ವಾಸನೆ ಬಂತು ಅಂತ ಬರೆದಿದ್ದೀರಿ. ಆ ವಾಸನೆ ಬರುವುದು ಹೊಸ ಅಕ್ಕಿಗೆ. ಹೊಸ ಅಕ್ಕಿ ಒದಗುವುದಿಲ್ಲ. ನಾನು ಮನೆಯಲ್ಲಿ ಒಂದೊಂದು ಪಾವು ಬೇಯಿಸಿ ಕರಟದಲ್ಲಿ ಅಳೆದು ನೋಡಿದೆ. ಹಳೆಯದು ಆರು ಕರಟ ಆಗುವಲ್ಲಿ ಹೊಸದು ಐದೂ ತುಂಬಲಿಲ್ಲ. ಹಳೆಯ ಅಕ್ಕಿಯೂ ಸ್ವಲ್ಪ ಬೆರೆತಿದ್ದಿರಬಹುದು, ಇನ್ನೂರ ನಲವತ್ತು ಜನರಲ್ಲಿ ಮೂವತ್ತು ಜನಕ್ಕೆ ಅರ್ಧ ಕರಟ ಆಗಿದ್ದು ಹಾಗೆಯೇ ಇರಬೇಕು. ನಿಮಗೆ ಅಡುಗೆ ಬರುವುದಿಲ್ಲ ಅಂತ ಹೇಳುತ್ತಿಲ್ಲ. ನಾನೂ ಮೊದಲ ಸಲ ಚೆಂದ ಇದೆ ಅಂತ ಓದಿ ಮುಂದೆ ಹೋಗಿದ್ದೆ.

ಜನರೆಲ್ಲ ಇದ್ದವರೇ, ಹೆಸರು ಮಾತ್ರ ಬೇರೆ ಅಂತ ಬರೆದಿದ್ದೀರಿ. ಹಾಗಾದರೆ ಆ ಟೈಲರಿಗೆ ಊರಿನಲ್ಲಿ ಮನೆಯವರು ಇರುತ್ತಾರೆ, ಮಗಳೋ ಮೊಮ್ಮಗಳೋ. ಅವರ ಮನೆಯ ತನಕ ಈ ಸುದ್ದಿ ಹೋಗಿರುತ್ತದೆ. ಅವರು ಏನು ಅಂದುಕೊಂಡು ಬದುಕಿದ್ದಾರೋ ನನಗೆ ಗೊತ್ತಿಲ್ಲ. ಸ್ವಲ್ಪ ಗೊತ್ತು.

ನಿಮ್ಮದೊಂದು ತಪ್ಪಾಗಿದೆ ಅಂತ ನಾನು ಹೇಳಲಾರೆ. ನನ್ನದೂ ತಪ್ಪಿರಬಹುದು. ಎರಡನೇ ಸಲ ಅಚ್ಚು ಹಾಕುವ ಮುಂಚೆ ನಿಮ್ಮ ದೊಡ್ಡಪ್ಪನವರ ನೋಟ್‌ಬುಕ್ಕನ್ನು ಇನ್ನೊಂದು ಸಲ ತೆಗೆದು ನೋಡುತ್ತೀರಾ? ಆ ಗದ್ದೆಯ ವಾಸನೆ ಅವರೇ ಬರೆದಿದ್ದಾ, ಇಲ್ಲ, ಚೆಂದಕ್ಕೆ ಇರಲಿ ಅಂತ ನೀವು ಸೇರಿಸಿದ್ದಾ? ಅವರೇ ಬರೆದಿದ್ದರೆ ಆ ಟೈಲರು ಕದ್ದವನಲ್ಲ. ಅದೊಂದನ್ನು ನೋಡಿ ಹೇಳಿ."